ಕೊಪ್ಪಳ: ಕಚೇರಿ ರ‍್ಯಾಂಪ್ ತೀರಾ ಕಡಿದಾಗಿದೆ, ದೂರು ಎಲ್ಲಿ ಕೊಡಬೇಕು?

ಪ್ರಶ್ನೆ: ಸರ್ಕಾರಿ ಕಚೇರಿ ಮುಂದೆ ಮೂರು ಮೆಟ್ಟಿಲು, ಒಟ್ಟು 45 ಸೆಂ.ಮೀ. ಎತ್ತರ. ರ‍್ಯಾಂಪ್ ಬರೀ 1.8 ಮೀಟರ್ ಉದ್ದ. ಗಾಲಿಕುರ್ಚಿ ಏರಲ್ಲ. ವಕೀಲರು ದಾರಿ ಹೇಳ್ರಿ.

ಉತ್ತರ 1 (ರಾಯಚೂರು): ಅದು 1:4 ಇಳಿಜಾರು (1 ಪಾಲು ಎತ್ತರಕ್ಕೆ 4 ಪಾಲು ಉದ್ದ), ಕುರ್ಚಿ ಹಿಂದಕ್ಕೆ ಮಗುಚುತ್ತೆ ಸರ್. ಬೇಕಾದ್ದು 1:12, ಅಂದ್ರೆ 5.4 ಮೀಟರ್. ಟೇಪಿನ ಅಂಕಿ ಕಾಣೋ ಹಂಗ ಫೋಟೊ ತೆಗೀರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 45ನೇ ಸೆಕ್ಷನ್ ಹಳೇ ಕಟ್ಟಡಕ್ಕೂ ಅನ್ವಯಿಸುತ್ತೆ. ಕಚೇರಿ ಮುಖ್ಯಸ್ಥರಿಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ರಿ. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟಂಗೇ ಅಲ್ಲ. ಕೆಲಸ ಆಗದಿದ್ರೆ ವಿಕಲಚೇತನರ ಹಕ್ಕು ನೋಡ್ಕೊಳ್ಳೋ ರಾಜ್ಯ ಆಯುಕ್ತರಿಗೆ ದೂರು ಕೊಡ್ರಿ.

ಉತ್ತರ 2 (ಬಳ್ಳಾರಿ): ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ, ವಿಕಲಚೇತನರ ಸುಗಮ ಪ್ರವೇಶಕ್ಕೆ ಕಡ್ಡಾಯ ನಿಯಮ ಇರ್ಬೇಕು ಅಂತ ಕೊಟ್ಟ ತೀರ್ಪನ್ನೂ ದೂರಿನಾಗ ಸೇರಿಸ್ರಿ. ಹೊಸ ರ‍್ಯಾಂಪಿಗೆ ಪಾಲಿಶ್ ಗ್ರಾನೈಟ್ ಮಾತ್ರ ಬ್ಯಾಡ, ಮಳೆಗೆ ಜಾರುತ್ತೆ. ಎರಡೂ ಬದಿ ರೇಲಿಂಗ್ ಕೇಳ್ರಿ.