ಐದು ಜನರ ಮನೆಗೆ ಯಾವ ಬೋಟ್: 14 ಅಡಿಯದಾ, 16 ಅಡಿಯದಾ?

ಪ್ರಶ್ನೆ: ನಮಸ್ಕಾರ ಸರ್. ಮನೆಯಲ್ಲಿ ನಾವಿಬ್ಬರು, ಆರು ಮತ್ತು ಒಂಬತ್ತು ವರ್ಷದ ಮಕ್ಕಳು, ಜೊತೆಗೆ ನಮ್ಮಮ್ಮ. ಕೆರೆಯಲ್ಲಿ ಸುತ್ತಾಡಲು, ಆಗಾಗ ಗಾಳ ಹಾಕಲು ಬೋಟ್ ಬೇಕು. ಎರಡು ಹಳೇ ಅಲ್ಯೂಮಿನಿಯಂ ಬೋಟ್ ನೋಡಿದ್ದೇವೆ. ಒಂದು 14 ಅಡಿ, ರಿವೆಟ್ ಹೊಡೆದದ್ದು. 20 ಎಚ್‌ಪಿ ಹೊಸ ಮೋಟಾರ್, ಹಿಂದೆ ಕೂತು ಹಿಡಿಕೆಯಿಂದ ತಿರುಗಿಸಬೇಕು. ಇನ್ನೊಂದು 16 ಅಡಿ, ಅಗಲವೂ ಜಾಸ್ತಿ, ವೆಲ್ಡಿಂಗ್ ಮಾಡಿದ್ದು. ಸ್ಟೀರಿಂಗ್ ಇದೆ, ಆದರೆ 30 ಎಚ್‌ಪಿ ಮೋಟಾರ್ ಹಳೆಯದು. ಬೋಟಿಗೆ ಅಂಟಿಸಿರುವ ಮಿತಿಯ ಪ್ಲೇಟಿನಲ್ಲಿ 50 ಎಚ್‌ಪಿವರೆಗೆ ಅಂತಿದೆ. ವೆಲ್ಡಿಂಗ್ ಆದರೆ ಸೋರುವುದಿಲ್ಲ ಅಂತಾರೆ, ಅದನ್ನೇ ತಗೊಳ್ಳಲಾ?

ಉತ್ತರ: ಪ್ಲೇಟಿನಲ್ಲಿ ಎಚ್‌ಪಿ ಓದಿದ್ದೀರಿ, ಎಷ್ಟು ಜನ ಅಂತ ಓದಲಿಲ್ಲ ಅಲ್ವಾ? ಎರಡರದ್ದೂ ನೋಡಿ ಹೇಳಿ.

ಪ್ರಶ್ನೆ: ಚಿಕ್ಕದರಲ್ಲಿ 4 ಜನ ಅಥವಾ 227 ಕೆ.ಜಿ., ಮೋಟಾರ್ ಮತ್ತು ಸಾಮಾನು ಸೇರಿ 340. ದೊಡ್ಡದರಲ್ಲಿ 6 ಜನ. ಮಕ್ಕಳು ಚಿಕ್ಕವರು, ಐದು ಜನ ನಡೆಯುತ್ತೆ ಅಲ್ವಾ ಸರ್?

ಉತ್ತರ: ನಡೆಯುವುದಿಲ್ಲ. ದೊಡ್ಡವರು ಮೂವರು ತಲಾ 65 ಕೆ.ಜಿ. ಇದ್ದರೂ 195 ಆಯಿತು. ಮಕ್ಕಳನ್ನು ಸೇರಿಸಿದರೆ 240 ದಾಟುತ್ತದೆ. ಮೋಟಾರೇ ಸುಮಾರು 50, ಮೇಲೆ 25 ಲೀಟರ್ ಪೆಟ್ರೋಲ್ 18, ಲಂಗರು, ಬ್ಯಾಗು. ಮಕ್ಕಳು ಬೆಳೆಯುವವರು ಬೇರೆ. ಮೀನು ಸಿಕ್ಕಿತು ಅಂತ ಎಲ್ಲರೂ ಒಂದೇ ಕಡೆ ಬಾಗಿದಾಗ ಕಾಪಾಡುವುದು ಅಗಲ, ಮತ್ತು ನೀರಿನ ಮೇಲೆ ಉಳಿದಿರುವ ಅಂಚಿನ ಎತ್ತರ. ಭಾರ ಹೆಚ್ಚಿದಂತೆ ಆ ಅಂಚು ಇಳಿಯುತ್ತದೆ. ಇನ್ನು ಹಿಡಿಕೆ ಮೋಟಾರಿನಲ್ಲಿ ಓಡಿಸುವವರು, ಮೋಟಾರ್, ಟ್ಯಾಂಕು ಎಲ್ಲವೂ ಹಿಂದೆಯೇ. ವೇಗ ಹಿಡಿಯುವಾಗ ಮೂತಿ ಮೇಲೇಳುತ್ತದೆ, ಎದುರಿನ ನೀರು ಕಾಣುವುದಿಲ್ಲ. ಇಬ್ಬರೇ ಗಾಳಕ್ಕೆ ಹೋಗುವುದಾದರೆ ನಾನು ಕಣ್ಣುಮುಚ್ಚಿ ಚಿಕ್ಕದನ್ನೇ ಹೇಳುತ್ತಿದ್ದೆ. ನಿಮಗೆ 16 ಅಡಿಯದು.

ಆದರೆ ವೆಲ್ಡಿಂಗ್ ಕಾರಣಕ್ಕಲ್ಲ. ಸಡಿಲವಾದ ರಿವೆಟ್ಟನ್ನು ಬಡಿದು ಬಿಗಿ ಮಾಡಬಹುದು. ವೆಲ್ಡಿಂಗ್ ಪಕ್ಕದಲ್ಲಿ ಬಿರುಕು ಬಿಟ್ಟರೆ ಅಲ್ಯೂಮಿನಿಯಂ ವೆಲ್ಡಿಂಗ್ ಚೆನ್ನಾಗಿ ಬಲ್ಲವರೇ ಬೇಕು. ಟ್ರೇಲರ್ ಮೇಲಿರುವಾಗಲೇ ಬೋಟಿನೊಳಗೆ ನಾಲ್ಕೈದು ಇಂಚು ನೀರು ಬಿಟ್ಟು, ಕೆಳಗಿನಿಂದ ಎಲ್ಲಿ ತೊಟ್ಟಿಕ್ಕುತ್ತದೆ ನೋಡಿ. ಜಾಸ್ತಿ ತುಂಬಬೇಡಿ, ನೀರಿನ ಭಾರಕ್ಕೆ ತಳ ಬಗ್ಗಬಹುದು.

ಅದಕ್ಕಿಂತ ಮುಖ್ಯ ಮೋಟಾರ್ ಕೂರುವ ಹಿಂಬದಿಯ ಹಲಗೆ. ಒಳಗೆ ಪ್ಲೈವುಡ್ ಇದ್ದರೆ ಹೊರಗೆ ಚೆನ್ನಾಗಿ ಕಂಡರೂ ಕೊಳೆತಿರಬಹುದು. ಮೋಟಾರನ್ನು ಅರ್ಧ ಎತ್ತಿ, ಕೆಳಭಾಗ ಹಿಡಿದು ಅಲುಗಾಡಿಸಿ. ಹಲಗೆಯೂ ಜೊತೆಗೆ ಆಡಿದರೆ ಆ ಬೋಟ್ ಬೇಡ. ಯಾರಾದರೂ ಹೊಸ ಹಲಗೆ ಹಾಕಿಸಿದ್ದರೆ ಯಾವ ಮರ ಎಂದು ಕೇಳಿ. ಗೆದ್ದಲು ಹಿಡಿಯದ ಹಾಗೆ ತಾಮ್ರದ ಔಷಧಿ ಕುಡಿಸಿದ ಮರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ತಳಕ್ಕೆ ಹಚ್ಚುವ ತಾಮ್ರದ ಪೇಂಟೂ ಅಷ್ಟೇ.

ಮತ್ತೊಬ್ಬರು: 16 ಅಡಿಯದನ್ನು ತಗೊಂಡು, ಚಿಕ್ಕದರ ಹೊಸ 20 ಎಚ್‌ಪಿ ಮೋಟಾರನ್ನು ಅದಕ್ಕೇ ಹಾಕಿಸಬಹುದಲ್ಲ?

ಉತ್ತರ: ಐದು ಜನ ಕೂತರೆ 20 ಎಚ್‌ಪಿ ಒದ್ದಾಡುತ್ತದೆ. ಮೋಟಾರಿನ ಕಾಲಿನ, ಅಂದರೆ ನೀರಿಗಿಳಿಯುವ ಕೆಳಭಾಗದ, ಉದ್ದವೂ ಬೋಟಿಗೆ ಹೊಂದಬೇಕು. ಚಿಕ್ಕ ಬೋಟುಗಳಿಗೆ ಸಾಮಾನ್ಯವಾಗಿ 15 ಇಂಚು, ದೊಡ್ಡವಕ್ಕೆ 20. ಗಿಡ್ಡ ಕಾಲು ಹಾಕಿದರೆ ಪ್ರೊಪೆಲ್ಲರ್ ಗಾಳಿ ಎಳೆದು ಸುಮ್ನೆ ಗಿರಗಿರ ತಿರುಗುತ್ತದೆ.

ಪ್ರಶ್ನೆ: ಹಾಗಾದರೆ 30 ಸಾಕಾ, 50 ಬೇಕಾ?

ಉತ್ತರ: ಐದೂ ಜನ ಕೂತು ಓಡಿಸಿ ನೋಡದೆ ಕೊಳ್ಳಬೇಡಿ. ಆಕ್ಸಿಲರೇಟರ್ ಪೂರ್ತಿ ಕೊಟ್ಟಾಗ ಮೋಟಾರಿನ ಪುಸ್ತಕದಲ್ಲಿರುವ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಮುಟ್ಟಬೇಕು. ಬಹಳಷ್ಟು ಮೋಟಾರುಗಳಿಗೆ ಇದು 5,000ದಿಂದ 6,000ದ ಆಸುಪಾಸು. ಕಡಿಮೆ ಬಂದರೆ ಮೊದಲು ಪಿಚ್ (ಒಂದು ಸುತ್ತಿಗೆ ಪ್ರೊಪೆಲ್ಲರ್ ಮುಂದೆ ಸಾಗುವ ಲೆಕ್ಕದ ದೂರ) ಕಡಿಮೆ ಇರುವ ಪ್ರೊಪೆಲ್ಲರ್ ಹಾಕಿ. ಒಂದು ಇಂಚು ಪಿಚ್ ಇಳಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ. ಸುತ್ತಾಟಕ್ಕೆ 50 ಬೇಡ, ಹಿಂದೆ ಭಾರ ಜಾಸ್ತಿ.

ಪ್ರಶ್ನೆ: ಅಮ್ಮನಿಗೆ ಮಂಡಿನೋವು. ಅಂಚು ಎತ್ತರ ಅಂದರೆ ಹತ್ತೋದು ಕಷ್ಟ ಆಗಲ್ವಾ?

ಉತ್ತರ: ಆಗುತ್ತದೆ. ಬೋಟನ್ನು ಕಟ್ಟೆಗೆ ಎರಡೂ ತುದಿಯಲ್ಲಿ ಬಿಗಿಯಾಗಿ ಕಟ್ಟಿ, ಒಳಗೆ ಜಾರದ ಮೆಟ್ಟಿಲು ಇಡಿ. ಹಿಂದೆ ಒಂದು ಮಡಚುವ ಏಣಿಯನ್ನೂ ಹಾಕಿಸಿ. ನೀರಿಗೆ ಬಿದ್ದವರು ಎತ್ತರದ ಅಂಚು ಹಿಡಿದು ತಾವಾಗಿ ಮೇಲೆ ಬರುವುದು ತುಂಬಾ ಕಷ್ಟ. ಏಣಿಯ ಕೊನೆಯ ಮೆಟ್ಟಿಲು ನೀರಿನೊಳಗೆ 22 ಇಂಚಾದರೂ ಇಳಿದಿರಲಿ. ಯಾರಾದರೂ ಏಣಿ ಹಿಡಿದಿದ್ದರೆ ಮೋಟಾರ್ ಆಫ್ ಇರಲೇಬೇಕು, ನ್ಯೂಟ್ರಲ್ ಸಾಲದು.