ಜರ್ಮನಿ ಮಾಸ್ಟರ್ಸ್: ಪಟ್ಟಿ ಮೊದಲೋ, ಏಪಿಎಸ್ ಮೊದಲೋ?

ಜಯನಗರ_4ನೇಬ್ಲಾಕ್ (ಪ್ರಶ್ನೆ)

ವಿಟಿಯು ಕಾಲೇಜು, ಕಂಪ್ಯೂಟರ್ ಸೈನ್ಸ್, ಈಗ 7ನೇ ಸೆಮ್. ಸಿಜಿಪಿಎ 8.2, ಬ್ಯಾಕ್‌ಲಾಗ್ ಇಲ್ಲ. ಮುಂದಿನ ಅಕ್ಟೋಬರ್‌ಗೆ ಜರ್ಮನಿಯಲ್ಲಿ ಮಾಸ್ಟರ್ಸ್ ಸೇರಬೇಕು. ಕನ್ಸಲ್ಟೆನ್ಸಿಯವರು ರ‍್ಯಾಂಕಿಂಗ್ ನೋಡಿ 12 ವಿಶ್ವವಿದ್ಯಾಲಯಗಳ ಹೆಸರು ಕೊಟ್ಟಿದ್ದಾರೆ, ಏಪಿಎಸ್ ಸರ್ಟಿಫಿಕೇಟ್ (ನಮ್ಮ ಮಾರ್ಕ್ಸ್ ಕಾರ್ಡ್ ಅಸಲಿ ಅಂತ ಜರ್ಮನಿಯವರು ಪರಿಶೀಲಿಸಿ ಕೊಡುವ ಪತ್ರ) ಅಡ್ಮಿಷನ್ ಆದಮೇಲೆ ಮಾಡಿಸಿದರೆ ಸಾಕು ಅಂತಾರೆ. ಇದು ಸರಿನಾ? ಇನ್ನೊಂದು, ಮಾರ್ಕ್ಸ್ ಕಾರ್ಡ್‌ಗಳಲ್ಲಿ ಹೆಸರಿನ ಮುಂದೆ ಇನಿಷಿಯಲ್ ಮಾತ್ರ ಇದೆ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಸರ್‌ನೇಮ್ ಆಗಿ ಬಂದಿದೆ. ತೊಂದರೆ ಆಗುತ್ತಾ?

ಕ್ರೆಡಿಟ್_ಲೆಕ್ಕಿಗ

ಆ 12ರ ಪಟ್ಟಿಯನ್ನು ಪಕ್ಕಕ್ಕಿಡಿ. ಜರ್ಮನಿಯಲ್ಲಿ ನಿಮ್ಮ ಅರ್ಜಿ ನಿಲ್ಲುವುದೋ ಬೀಳುವುದೋ ತೀರ್ಮಾನವಾಗುವುದು ಸಿಲಬಸ್ ಹೊಂದಾಣಿಕೆಯ ಮೇಲೆ. ಕೋರ್ಸಿನ ಪುಟದಲ್ಲಿ ಅರ್ಹತೆ ಅನ್ನುವ ಕಡೆ ‘ಗಣಿತದಲ್ಲಿ ಇಷ್ಟು ಇಸಿಟಿಎಸ್ (ಯುರೋಪಿನ ಕ್ರೆಡಿಟ್), ಥಿಯರೆಟಿಕಲ್ ಕಂಪ್ಯೂಟರ್ ಸೈನ್ಸ್‌ನಲ್ಲಿ ಇಷ್ಟು’ ಅಂತ ಬರೆದಿರುತ್ತಾರೆ. ಅದು ತುಂಬದಿದ್ದರೆ 9.5 ಸಿಜಿಪಿಎ ಇದ್ದರೂ ರಿಜೆಕ್ಟ್.

ಅಂದಾಜು ಹೀಗೆ ಹಾಕಿ. ಇಸಿಟಿಎಸ್ ಪದ್ಧತಿಯಲ್ಲಿ ಒಂದು ವರ್ಷದ ಓದು 60 ಕ್ರೆಡಿಟ್, ಅಂದರೆ ನಾಲ್ಕು ವರ್ಷದ ಬಿಇಗೆ 240. ನಿಮ್ಮ ಸ್ಕೀಮ್‌ನಲ್ಲಿ ಒಟ್ಟು 160 ಕ್ರೆಡಿಟ್ ಇದ್ದರೆ ಒಂದಕ್ಕೆ ಒಂದೂವರೆ. ನಾಲ್ಕು ಕ್ರೆಡಿಟ್‌ನ ಗಣಿತದ ಪೇಪರ್ ನಾಲ್ಕು ಇದ್ದರೆ 24 ಇಸಿಟಿಎಸ್ ಆಯಿತು. ಕೊನೆಯ ಲೆಕ್ಕ ವಿಶ್ವವಿದ್ಯಾಲಯದ್ದೇ, ಇದು ಪಟ್ಟಿ ಸೋಸಲು ಮಾತ್ರ. ನಮ್ಮವರು ಸಾಮಾನ್ಯವಾಗಿ ಸಿಕ್ಕಿಬೀಳುವುದು ಥಿಯರಿ ಭಾಗದಲ್ಲಿ: ಡಿಸ್ಕ್ರೀಟ್ ಮ್ಯಾಥ್ಸ್, ಆಟೊಮ್ಯಾಟಾ, ಅಲ್ಗಾರಿದಮ್ಸ್ ಬಿಟ್ಟರೆ ತೋರಿಸಲು ಹೆಚ್ಚೇನೂ ಇರುವುದಿಲ್ಲ. ಅದಕ್ಕೇ ಸಿಲಬಸ್ ಕಾಪಿಯನ್ನು ಮಾಡ್ಯೂಲ್ ಸಮೇತ ಒಂದೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ಪೇಪರಿನ ಹೆಸರು ಬೇರೆ ಇದ್ದು ವಿಷಯ ಒಂದೇ ಆಗಿದ್ದರೆ ಅದೇ ಸಾಕ್ಷಿ.

ಇನ್ನು ಗ್ರೇಡ್. ನಮ್ಮ ಅಂಕವನ್ನು ಜರ್ಮನ್ ಗ್ರೇಡ್‌ಗೆ ಬದಲಿಸುವ ಮಾಡಿಫೈಡ್ ಬವೇರಿಯನ್ ಸೂತ್ರ: ಗರಿಷ್ಠದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಕನಿಷ್ಠ ಪಾಸ್ ಅಂಕದ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಕನಿಷ್ಠ ಪಾಸ್ 4 ಅಂತ ಹಿಡಿದರೆ ನಿಮ್ಮ 8.2ಕ್ಕೆ 1.9 ಬರುತ್ತದೆ, 5 ಅಂತ ಹಿಡಿದರೆ 2.08. ಅಲ್ಲಿ ಗ್ರೇಡ್ ಚಿಕ್ಕದಾದಷ್ಟೂ ಒಳ್ಳೆಯದು. 2.0 ಕಟ್‌ಆಫ್ ಇರುವ ಕೋರ್ಸಿಗೆ ಈ ಒಂದು ಅಂಕೆಯೇ ಬಾಗಿಲು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಟ್ರಾನ್ಸ್‌ಕ್ರಿಪ್ಟ್‌ನ ಹಿಂಬದಿಯಲ್ಲಿ ಗ್ರೇಡಿಂಗ್ ವಿವರ ಸ್ಪಷ್ಟವಾಗಿ ಅಚ್ಚಾಗಿದೆಯೇ ನೋಡಿ, ಸ್ಕ್ಯಾನ್ ಮಾಡುವಾಗ ಆ ಪುಟವನ್ನೇ ಬಿಟ್ಟುಬಿಡುವವರು ಬೇಕಾದಷ್ಟು ಜನ.

ಕಾಗದಪತ್ರ

ಏಪಿಎಸ್ ಆಮೇಲೆ ಅನ್ನುವ ಸಲಹೆ ತಪ್ಪು. 2022ರ ನವೆಂಬರ್ 1ರಿಂದ ಭಾರತೀಯ ವಿದ್ಯಾರ್ಥಿಗಳ ವೀಸಾಗೆ ಅದು ಕಡ್ಡಾಯ, ಆದರೆ ಹಲವು ವಿಶ್ವವಿದ್ಯಾಲಯಗಳು ಅರ್ಜಿಯ ಜೊತೆಗೇ ಕೇಳುತ್ತವೆ. ಶುಲ್ಕ 18,000 ರೂಪಾಯಿ. ಆನ್‌ಲೈನ್ ಫಾರ್ಮ್ ತುಂಬಿ, ಪ್ರಿಂಟ್ ತೆಗೆದು, ಸಹಿ ಹಾಕಿ, ಪ್ರತಿಗಳ ಜೊತೆ ದೆಹಲಿಗೆ ಕೊರಿಯರ್ ಮಾಡಬೇಕು. ಕೊನೆಯ ವರ್ಷದಲ್ಲಿರುವವರೂ ಅಲ್ಲಿವರೆಗಿನ ಮಾರ್ಕ್ಸ್ ಕಾರ್ಡ್ ಇಟ್ಟು ಹಾಕಬಹುದು. ವಾರಗಟ್ಟಲೆ ಹಿಡಿಯುತ್ತದೆ, ಸೀಸನ್‌ನಲ್ಲಿ ಇನ್ನೂ ಹೆಚ್ಚು. ಒಂದು ಸಹಿ ತಪ್ಪಿದರೂ ಫೈಲ್ ಅಲ್ಲೇ ಕೂರುತ್ತದೆ. ಈ ತಿಂಗಳೇ ಹಾಕಿ.

ಹೆಸರಿನ ವಿಷಯ. ಇನಿಷಿಯಲ್ ನಮ್ಮ ಕಡೆಯವರಿಗೆಲ್ಲ ಇರುವ ಗೋಳು. ನಿಯಮ ಒಂದೇ: ಐಇಎಲ್‌ಟಿಎಸ್ (ಇಂಗ್ಲಿಷ್ ಪರೀಕ್ಷೆ), ಏಪಿಎಸ್, ಯೂನಿ-ಅಸಿಸ್ಟ್ (ಹಲವು ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ಪರಿಶೀಲಿಸುವ ಸಂಸ್ಥೆ), ಬ್ಲಾಕ್ಡ್ ಅಕೌಂಟ್ (ವೀಸಾಗಾಗಿ ಖರ್ಚಿನ ಹಣ ಮೊದಲೇ ಇಡುವ ಖಾತೆ), ಎಲ್ಲ ಕಡೆ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆಯೇ ಅಕ್ಷರ ಬಿಡದೆ ಬರೆಯಿರಿ. ಮಾರ್ಕ್ಸ್ ಕಾರ್ಡ್ ತಿದ್ದಿಸಲು ಹೋಗಬೇಡಿ, ಎಸ್‌ಎಸ್‌ಎಲ್‌ಸಿಯಿಂದ ಶುರುಮಾಡಬೇಕಾಗುತ್ತದೆ, ವರ್ಷ ಕಳೆದುಹೋಗುತ್ತದೆ. ಇ-ಸ್ಟಾಂಪ್ ಕಾಗದದ ಮೇಲೆ ‘ಈ ಎರಡೂ ಹೆಸರು ಒಬ್ಬರದೇ’ ಅಂತ ಇಂಗ್ಲಿಷ್‌ನಲ್ಲಿ ಅಫಿಡವಿಟ್ ಮಾಡಿಸಿ ನೋಟರಿ ಹಾಕಿಸಿ. ಅದರಲ್ಲಿ ಎರಡೂ ರೂಪದ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್ ಇರಲಿ.

ನಿಮ್ಮದು ಅಟಾನಮಸ್ ಕಾಲೇಜಾದರೆ ಗ್ರೇಡ್ ಕಾರ್ಡ್ ಕೊಡುವುದು ಕಾಲೇಜೇ, ಹಾಗಾಗಿ ಟ್ರಾನ್ಸ್‌ಕ್ರಿಪ್ಟ್‌ಗೆ ಮೊದಲು ಅಲ್ಲಿನ ಪರೀಕ್ಷಾ ವಿಭಾಗದಲ್ಲಿ ವಿಚಾರಿಸಿ. ಬೆಳಗಾವಿಯ ವಿಟಿಯು ಕಚೇರಿಗೆ ಅರ್ಜಿ ಹಾಕಿ ಕಾಯುತ್ತಾ ಕೂರಬೇಡಿ.

ಯೂರೊ_ರೂಪಾಯಿ

ದುಡ್ಡಿನ ಲೆಕ್ಕ ನನ್ನ ಕಡೆಯಿಂದ. ಯೂನಿ-ಅಸಿಸ್ಟ್‌ನಲ್ಲಿ ಮೊದಲ ಅರ್ಜಿಗೆ 75 ಯೂರೊ, ಅದೇ ಸೆಮಿಸ್ಟರ್‌ಗೆ ಮುಂದಿನ ಒಂದೊಂದಕ್ಕೂ 30. ಆರು ಅರ್ಜಿಗೆ 225. ಹನ್ನೆರಡು ಹಾಕುವುದು ವ್ಯರ್ಥ, ಕ್ರೆಡಿಟ್ ಹೊಂದುವ ಐದಾರು ಸಾಕು.

ಸರ್ಕಾರಿ ವಿಶ್ವವಿದ್ಯಾಲಯ ಅಂದರೆಲ್ಲ ಫೀಸ್ ಇಲ್ಲ ಅಂದುಕೊಳ್ಳಬೇಡಿ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ, ಫ್ರೈಬುರ್ಗ್ ಇರುವ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೊ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಹೆಚ್ಚಿನ ಮಾಸ್ಟರ್ಸ್ ಕೋರ್ಸ್‌ಗಳಿಗೆ ಸೆಮಿಸ್ಟರ್‌ಗೆ 4,000 ಅಥವಾ 6,000 ಹಾಕಿದೆ. ಇದರ ಮೇಲೆ ಬ್ಲಾಕ್ಡ್ ಅಕೌಂಟ್‌ಗೆ 11,904 ಯೂರೊ, ಅಂದರೆ ತಿಂಗಳಿಗೆ 992. ವಿದೇಶಕ್ಕೆ ಕಳಿಸುವ ಹಣ ಆರ್ಥಿಕ ವರ್ಷದಲ್ಲಿ 10 ಲಕ್ಷ ದಾಟಿದರೆ ಬ್ಯಾಂಕ್ ಟಿಸಿಎಸ್ (ಮೂಲದಲ್ಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತದೆ. ಬ್ಯಾಂಕಿನ ಎಜುಕೇಷನ್ ಲೋನ್‌ನಿಂದ ಕಳಿಸಿದರೆ ಇಲ್ಲ.

ಪಟ್ಟಿಯಲ್ಲಿ ಖಾಸಗಿ ಕಾಲೇಜುಗಳೇ ಜಾಸ್ತಿ ಇದ್ದರೆ ಕಾರಣ ಊಹಿಸಿ: ಏಜೆಂಟರಿಗೆ ಕಮಿಷನ್ ಸಿಗುವುದು ಅಲ್ಲಿಂದ.

ಗಡುವು: ಬಹಳಷ್ಟು ಕಡೆ ಜುಲೈ 15, ಆದರೆ ಆಖನ್‌ನ ಆರ್‌ಡಬ್ಲ್ಯುಟಿಎಚ್ ವಿಶ್ವವಿದ್ಯಾಲಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸಾಮಾನ್ಯವಾಗಿ ಮಾರ್ಚ್ 1. ಜುಲೈ 15ರವರೆಗೂ ಕಾದರೆ ವೀಸಾಗೆ ಸಮಯ ಉಳಿಯುವುದಿಲ್ಲ. 2025ರ ಜುಲೈ 1ರಿಂದ ವೀಸಾ ತಿರಸ್ಕಾರದ ವಿರುದ್ಧ ಕಾನ್ಸುಲೇಟಿಗೇ ಮೇಲ್ಮನವಿ ಸಲ್ಲಿಸುವ ದಾರಿಯೂ ಮುಚ್ಚಿದೆ. ಹೊಸ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್ ಕೋರ್ಟಿಗೆ ಹೋಗಬೇಕು.

ಜಯನಗರ_4ನೇಬ್ಲಾಕ್

ತುಂಬಾ ಥ್ಯಾಂಕ್ಸ್. ಒಂದೇ ಸಣ್ಣ ಡೌಟ್: ಎಲ್‌ಒಆರ್‌ಗೆ (ಶಿಫಾರಸು ಪತ್ರ) ಎಚ್‌ಒಡಿ ಅವರ ಜಿಮೇಲ್ ಐಡಿ ಕೊಟ್ಟರೆ ನಡೆಯುತ್ತಾ?

ಕಾಗದಪತ್ರ

ಕೊಡಬೇಡಿ, ಕಾಲೇಜಿನ ಡೊಮೇನ್ ಇರುವ ಐಡಿಯೇ ಬೇಕು. ಅವರ ಹತ್ತಿರ ಅದು ಇಲ್ಲದಿದ್ದರೆ ಆಫೀಸಿನಲ್ಲಿ ಹೇಳಿ ಮಾಡಿಸಿಕೊಡಲು ಕೇಳಿ. ಪತ್ರವನ್ನೇ ಅಪ್‌ಲೋಡ್ ಮಾಡಿ ಅನ್ನುವ ಕಡೆಗೆ ಲೆಟರ್‌ಹೆಡ್, ಸಹಿ, ಸೀಲು, ತಾರೀಖು ಇರಲಿ. ನೀವೇ ಡ್ರಾಫ್ಟ್ ಬರೆದುಕೊಟ್ಟು ಸಹಿ ಹಾಕಿಸುವುದು ಇಲ್ಲಿ ಮಾಮೂಲು, ಆದರೆ ಇಬ್ಬರ ಪತ್ರದಲ್ಲೂ ಅದೇ ವಾಕ್ಯಗಳಿದ್ದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಯಾವ ಲ್ಯಾಬ್, ಯಾವ ಪ್ರಾಜೆಕ್ಟ್ ಅನ್ನುವ ಪಟ್ಟಿ ಕೊಟ್ಟು ಅವರಿಂದಲೇ ಬರೆಸಿ.