ಫ್ರೀಜ್ ಆದ ಮೇಲೆ ಬಂದ ಮೂರು ಪ್ಯಾಚ್‌ಗಳು: ಒಳಗೆ ಬಿಡುವುದೋ, ತಡೆಯುವುದೋ?

ಪ್ರಶ್ನೆ: ಮೇಡಂ, ನಮ್ಮ ತಂಡ ಝೆನ್ ಆಧಾರಿತ ಹೈಪರ್‌ವೈಸರ್ ಒಂದನ್ನು, ಅಂದರೆ ಒಂದೇ ಯಂತ್ರದ (ಹೋಸ್ಟ್) ಮೇಲೆ ಹಲವು ವರ್ಚುವಲ್ ಯಂತ್ರಗಳನ್ನು (ಗೆಸ್ಟ್) ಓಡಿಸುವ ತಂತ್ರಾಂಶವನ್ನು, ನೋಡಿಕೊಳ್ಳುತ್ತದೆ. ಕೋಡ್ ಫ್ರೀಜ್ (ಬಿಡುಗಡೆಗೆ ಮುನ್ನ ಹೊಸ ಬದಲಾವಣೆಗಳನ್ನು ನಿಲ್ಲಿಸುವುದು) ಆಗಿ ಮೂರು ವಾರವಾಯಿತು, ಎರಡನೇ ರಿಲೀಸ್ ಕ್ಯಾಂಡಿಡೇಟ್ (ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ) ಕೂಡ ಹೊರಬಿದ್ದಿದೆ. ಈಗ ಪಿಸಿಐ ಪಾಸ್‌ಥ್ರೂಗೆ (ಹೋಸ್ಟ್‌ನ ಕಾರ್ಡೊಂದನ್ನು ಗೆಸ್ಟ್‌ಗೆ ನೇರವಾಗಿ ಕೊಡುವುದಕ್ಕೆ) ಸಂಬಂಧಿಸಿದ ಮೂರು ಪ್ಯಾಚ್‌ಗಳು ಬಂದು ಬಾಗಿಲಲ್ಲಿ ನಿಂತಿವೆ. ಮೊದಲನೆಯದು, ಗೆಸ್ಟ್ ಶುರುವಾಗದೆ ವಿಫಲವಾದಾಗ ಟೂಲ್‌ಸ್ಟ್ಯಾಕ್ (ಗೆಸ್ಟ್‌ಗಳನ್ನು ನಿರ್ವಹಿಸುವ ಉಪಕರಣಗಳು) ಕಾರ್ಡನ್ನು ಬಿಟ್ಟುಕೊಡದ ದೋಷಕ್ಕೆ. ಎರಡನೆಯದು, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಕೊಟ್ಟರೆ ಗೆಸ್ಟ್ ಕುಸಿಯುವುದನ್ನು ತಪ್ಪಿಸಲು ಎಚ್‌ವಿಎಂಲೋಡರ್‌ನಲ್ಲಿ (ಗೆಸ್ಟ್ ಬೂಟ್ ಆಗುವ ಮುನ್ನ ಅದರ ಮೆಮರಿ, ಸಾಧನಗಳನ್ನು ಹೊಂದಿಸುವ ಕೋಡ್) ಬದಲಾವಣೆ. ಮೂರನೆಯದು, ಗೆಸ್ಟ್ ಕಾರ್ಡಿನ ಕೆಲವು ರಿಜಿಸ್ಟರ್‌ಗಳಿಗೆ (ಕಾರ್ಡನ್ನು ನಿಯಂತ್ರಿಸುವ ಜಾಗಗಳಿಗೆ) ನೇರವಾಗಿ ಬರೆಯದಂತೆ ತಡೆಯುವುದು. ಬರೆದವರು ಮೂರೂ ಚಿಕ್ಕವು ಎನ್ನುತ್ತಾರೆ. ಏನನ್ನು ನೋಡಿ ನಿರ್ಧರಿಸಬೇಕು?

ಉತ್ತರ: ಸಾಲುಗಳನ್ನು ಎಣಿಸಬೇಡಿ. ಪ್ಯಾಚ್ ಕೆಟ್ಟರೆ ಪೆಟ್ಟು ಯಾರಿಗೆ ಬೀಳುತ್ತದೆ, ಅದನ್ನು ಮೊದಲು ನೋಡಿ. ಪಾಸ್‌ಥ್ರೂ ಬಳಸುವವನಿಗೆ ಈಗಾಗಲೇ ತೊಂದರೆ ಇದೆ. ತಿದ್ದುಪಡಿ ಕೆಟ್ಟರೂ ಅವನ ಸ್ಥಿತಿ ಹೆಚ್ಚು ಹದಗೆಡುವುದಿಲ್ಲ. ಆದರೆ ಕಾರ್ಡಿನ ಮುಖವನ್ನೇ ನೋಡದ ಗೆಸ್ಟ್ ಬಿದ್ದುಹೋದರೆ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಮೊದಲ ಪ್ಯಾಚ್, ಗೆಸ್ಟ್ ಶುರುವಾಗದೆ ವಿಫಲವಾದಾಗ ಮಾತ್ರ ಓಡುತ್ತದೆ, ಅದೂ ಪಾಸ್‌ಥ್ರೂ ಇದ್ದವರಿಗೆ. ತೆಗೆದುಕೊಳ್ಳಿ.

ಎರಡನೆಯದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಝೆನ್ 4.3ರ ಬಿಡುಗಡೆಗೆ ಮುನ್ನ, 2013ರಲ್ಲಿ, ಇದೇ ಜಾಗದಲ್ಲಿ ಇದೇ ಇಕ್ಕಟ್ಟು ಎದುರಾಗಿತ್ತು. ಗೆಸ್ಟ್‌ನ 4 ಜಿಬಿ ಗಡಿಯ ಕೆಳಗೆ ಪಿಸಿಐ ಸಾಧನಗಳಿಗೆಂದು ಎಚ್‌ವಿಎಂಲೋಡರ್ ಮೊದಲಿಗೆ ಬಿಡುವ ಖಾಲಿ ಜಾಗ 192 ಎಂಬಿ. 256 ಎಂಬಿ ಬಾರ್ (ಕಾರ್ಡ್ ತನಗೆಂದು ಕೇಳುವ ವಿಳಾಸಗಳ ಜಾಗ) ಇರುವ ಗ್ರಾಫಿಕ್ಸ್ ಕಾರ್ಡ್ ಅದರಲ್ಲಿ ಹಿಡಿಸುವುದಿಲ್ಲ. ಆಗ ಲೋಡರ್ ಜಾಗವನ್ನು ಕೆಳಮುಖವಾಗಿ ಹಿಗ್ಗಿಸಿ, ಅಲ್ಲಿದ್ದ ಗೆಸ್ಟ್ ಮೆಮರಿಯನ್ನು ಎತ್ತಿ 4 ಜಿಬಿಯ ಮೇಲಕ್ಕೆ ಸಾಗಿಸುತ್ತಿತ್ತು. ಗೆಸ್ಟ್‌ಗೆ ಸಾಧನಗಳನ್ನು ಅನುಕರಿಸಿ ತೋರಿಸುವ ಕ್ಯೂಎಮುವಿನ ಹಳೆಯ ರೂಪ ಇದಕ್ಕೆ ಹೊಂದಿಕೊಳ್ಳುತ್ತಿತ್ತು. ಹೊಸ ಕ್ಯೂಎಮುವಿಗೆ ಮೆಮರಿ ಸಾಗಿಸಿದ ಸುದ್ದಿಯೇ ತಲುಪುತ್ತಿರಲಿಲ್ಲ. ಅದರ ಲೆಕ್ಕದಲ್ಲಿ ಆ ಜಾಗ ಇನ್ನೂ ಮೆಮರಿಯೇ. ಬಾಡಿಗೆದಾರ ಮನೆ ಬದಲಿಸಿದರೂ ಅಂಚೆಯವನು ಹಳೆಯ ಬಾಗಿಲನ್ನೇ ತಟ್ಟುತ್ತಿದ್ದ ಹಾಗೆ.

ಅದೇ 4.3ರಲ್ಲಿ ಎಚ್‌ವಿಎಂ ಗೆಸ್ಟ್‌ಗಳಿಗೆ (ಪ್ರೊಸೆಸರ್‌ನ ವರ್ಚುವಲೈಸೇಶನ್ ನೆರವಿನಿಂದ ಓಡುವವು) ಹೊಸ ಕ್ಯೂಎಮು ಪೂರ್ವನಿಯೋಜಿತ ಆಯ್ಕೆಯಾಗಿತ್ತು. ಅಂದರೆ ಹಿಂದಿನ ಆವೃತ್ತಿಯಲ್ಲಿ ಓಡುತ್ತಿದ್ದುದು ಏನೂ ಬದಲಿಸದವನಿಗೂ ಮುರಿಯುವ ಸ್ಥಿತಿ. ಹಾಗಾಗಿ ತಿದ್ದುಪಡಿಯನ್ನು ಬಿಡುಗಡೆಯ ಅಂಚಿನಲ್ಲೇ ಸೇರಿಸಿದರು. ಅದರಲ್ಲೂ ಎಲ್ಲವನ್ನೂ ಸರಿಮಾಡಲು ಹೊರಡಲಿಲ್ಲ. ಹೊಸ ಕ್ಯೂಎಮು ಇದ್ದರೆ ಮೆಮರಿಯನ್ನು ಸಾಗಿಸಬೇಡ, ಹಿಡಿಸದ 64 ಬಿಟ್ ಬಾರ್‌ಗಳನ್ನು 4 ಜಿಬಿಯ ಮೇಲೆ ಇಡು, ಅಷ್ಟೇ. ಅಷ್ಟು ಎತ್ತರದ ವಿಳಾಸ ಬಳಸಲಾಗದ ಹಳೆಯ ಗೆಸ್ಟ್‌ಗಳಿಗೆ ಇದರಿಂದ ನಷ್ಟವಿತ್ತು. ಆದರೆ ಕಾರ್ಡ್ ಸಿಗದಿರುವುದು ಬೇರೆ, ಮೆಮರಿ ಕೆಡುವುದು ಬೇರೆ.

ನಿಮ್ಮಲ್ಲಿ ಈ ದೋಷ ಹಿಂದಿನ ಬಿಡುಗಡೆಯಲ್ಲೂ ಇತ್ತೇ?

ಪ್ರಶ್ನಿಸಿದವರು: ಇತ್ತು ಮೇಡಂ. ಹಿಂದಿನ ಎರಡು ಬಿಡುಗಡೆಗಳಲ್ಲೂ ಇತ್ತು.

ಉತ್ತರ: ಹಾಗಿದ್ದರೆ ಇದು ಹೊಸದಾಗಿ ಮುರಿದುದಲ್ಲ, ಹಳೆಯ ಬಾಕಿ. ಆ ಆತುರ ನಿಮಗಿಲ್ಲ. ಆದರೂ ಸೇರಿಸಲೇಬೇಕು ಎನ್ನುವವರಿದ್ದರೆ ಒಂದು ಪರೀಕ್ಷೆ ಕೇಳಿ: ಯಾವ ಕಾರ್ಡನ್ನೂ ಕೊಡದ ಗೆಸ್ಟನ್ನು ಪ್ಯಾಚ್‌ಗೆ ಮೊದಲು ಒಮ್ಮೆ, ನಂತರ ಒಮ್ಮೆ ಬೂಟ್ ಮಾಡಿ, ಕರ್ನಲ್ ಲಾಗ್‌ನ ಆರಂಭದಲ್ಲಿರುವ ಇ820 ಮೆಮರಿ ಪಟ್ಟಿಗಳನ್ನು (ಯಾವ ವಿಳಾಸಗಳಲ್ಲಿ ಮೆಮರಿ ಇದೆ ಎಂದು ಹೇಳುವವು) ಅಕ್ಕಪಕ್ಕ ಇಟ್ಟು ನೋಡಲಿ. 2 ಜಿಬಿ, 4 ಜಿಬಿ, 8 ಜಿಬಿ, ಮೂರು ಗಾತ್ರಗಳಲ್ಲೂ. ಒಂದು ಸಾಲು ಬದಲಾಗಿದ್ದರೂ ಮುಂದಿನ ಬಿಡುಗಡೆಗೆ ತಳ್ಳಿ.

ಇನ್ನೊಬ್ಬ ಸದಸ್ಯರು: ನಡುವೆ ಮಾತನಾಡುತ್ತಿದ್ದೇನೆ, ಕ್ಷಮಿಸಿ. ನನ್ನ ಗ್ರಾಹಕರು ಇದೇ ಗ್ರಾಫಿಕ್ಸ್ ಕಾರ್ಡಿಗಾಗಿ ಒಂದು ವರ್ಷದಿಂದ ಕಾದಿದ್ದಾರೆ. ನಮ್ಮಲ್ಲಿ ಪರೀಕ್ಷಿಸಿದ್ದೇವೆ, ಚೆನ್ನಾಗಿ ಓಡುತ್ತದೆ. ‘ಮುಂದಿನ ಬಿಡುಗಡೆ’ ಎನ್ನುವುದು ನಿಮಗೆ ಸುಲಭ.

ಉತ್ತರ: ಸುಲಭವಲ್ಲ ಸರ್, ಬೈಗುಳ ತಿಂದಿದ್ದೇನೆ. ಎಷ್ಟು ಕಾರ್ಡ್‌ಗಳಲ್ಲಿ ಪರೀಕ್ಷಿಸಿದಿರಿ? ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಮೂರನೇ ಕ್ಯಾಂಡಿಡೇಟ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ರಿಸೆಟ್ ತಿದ್ದುಪಡಿಯೊಂದಕ್ಕೆ ನಾನೇ ಒಪ್ಪಿಗೆ ಕೊಟ್ಟಿದ್ದೆ. ಮೇಜಿನ ಮೇಲಿದ್ದ ಕಾರ್ಡಿಗೆ ಫಂಕ್ಷನ್ ಲೆವೆಲ್ ರಿಸೆಟ್ (ಆ ಸಾಧನವನ್ನಷ್ಟೇ ಮೊದಲಿನ ಸ್ಥಿತಿಗೆ ತರುವ ಸೌಲಭ್ಯ) ಇತ್ತು, ಗ್ರಾಹಕರ ಕಾರ್ಡಿಗೆ ಇರಲಿಲ್ಲ. ಗೆಸ್ಟ್ ಮೊದಲ ಸಲ ಸರಿಯಾಗಿ ಬೂಟ್ ಆಗುತ್ತಿತ್ತು, ಎರಡನೇ ಸಲ ಹೋಸ್ಟನ್ನೇ ಹಿಡಿದು ನಿಲ್ಲಿಸುತ್ತಿತ್ತು. ಬಿಡುಗಡೆಯ ಹಿಂದಿನ ರಾತ್ರಿ ಕೂತು ಹಿಂತೆಗೆದೆವು. ನಿಮ್ಮ ಗ್ರಾಹಕರಿಗೆ ಪ್ಯಾಚ್ ಸೇರಿಸಿದ ಪ್ರತ್ಯೇಕ ಬಿಲ್ಡ್ ಕೊಡಿ. ಅವರು ಎರಡು ತಿಂಗಳು ಓಡಿಸಿದರೆ ಅದನ್ನು ಸ್ಥಿರ ಶಾಖೆಗೆ (ಬಿಡುಗಡೆಯಾದ ಆವೃತ್ತಿಗೆ ತಿದ್ದುಪಡಿ ಸೇರಿಸುವ ಕೋಡ್ ಶಾಖೆ) ತರಲು ನಾನೇ ವಾದಿಸುತ್ತೇನೆ.

ಇನ್ನು ಮೂರನೆಯದು. ಇದನ್ನು ಬಿಡುಗಡೆಯ ಚರ್ಚೆಗೆ ತಂದಿದ್ದೇ ತಪ್ಪು. ಗೆಸ್ಟ್ ಕಾರ್ಡಿನ ಮೂಲಕ ಹೋಸ್ಟ್‌ಗೆ ಕೈಹಾಕಬಹುದಾದರೆ ಅದು ಭದ್ರತಾ ದೋಷ. 2015ರ ಜೂನ್‌ನಲ್ಲಿ ಝೆನ್ ಯೋಜನೆ ಹೊರಡಿಸಿದ 128ರಿಂದ 131ರವರೆಗಿನ ಭದ್ರತಾ ಸೂಚನೆಗಳು ಈ ಜಾತಿಯವೇ: ಕ್ಯೂಎಮುವಿನ ಪಾಸ್‌ಥ್ರೂ ಭಾಗ ಗೆಸ್ಟ್‌ಗೆ ಅಗತ್ಯಕ್ಕಿಂತ ಹೆಚ್ಚು ಸಲಿಗೆ ಕೊಟ್ಟಿತ್ತು. ಕೊನೆಯ ಸೂಚನೆಯ ತಿದ್ದುಪಡಿ, ಪರಿಚಯವಿಲ್ಲದ ಕಾನ್ಫಿಗರೇಶನ್ ಜಾಗಗಳಿಗೆ ಗೆಸ್ಟ್ ಬರೆಯದಂತೆ ಮಾಡಿತು. ಅದರಿಂದ ಕಾರ್ಡ್ ನಿಂತುಹೋದವರಿಗೆ, ಅಪಾಯ ಒಪ್ಪಿಕೊಂಡು ಬಳಸಲು, ಈ ತಡೆಯನ್ನು ಸಡಿಲಿಸುವ ಪರ್ಮಿಸಿವ್ ಆಯ್ಕೆ ಇತ್ತು. ಅಂಥ ತಿದ್ದುಪಡಿ ಬರಲಿರುವ ಆವೃತ್ತಿಗೆ ಮಾತ್ರವಲ್ಲ, ಬೆಂಬಲದಲ್ಲಿರುವ ಹಳೆಯ ಆವೃತ್ತಿಗಳಿಗೂ ಹೋಗಬೇಕು, ಅದಕ್ಕಾಗಿ ಬಿಡುಗಡೆ ತಡವಾದರೂ ಆಗಲಿ. ಮೊದಲು ಖಾಸಗಿಯಾಗಿ ಭದ್ರತಾ ತಂಡಕ್ಕೆ ಬರೆಯಿರಿ. ಯಾವ ರಿಜಿಸ್ಟರ್ ಎಂದು ನೀವು ಇಲ್ಲಿ ಹೇಳಿಲ್ಲ, ಒಳ್ಳೆಯದಾಯಿತು. ಇಲ್ಲಿ ಇನ್ನೊಂದು ಅಕ್ಷರವೂ ಬೇಡ. ನಿಮ್ಮ ಪ್ರಶ್ನೆಯಿಂದ ಆ ವಾಕ್ಯವನ್ನೂ ತೆಗೆದುಬಿಡಿ.

ಪ್ರಶ್ನಿಸಿದವರು: ಈಗಲೇ ತೆಗೆಯುತ್ತೇನೆ ಮೇಡಂ. ಮೊದಲನೆಯದು ಇಂದು ಸಂಜೆ ಸೇರುತ್ತದೆ. ಎರಡನೆಯದನ್ನು ಇ820 ಹೋಲಿಕೆ ಬರುವವರೆಗೆ ತಡೆದಿದ್ದೇನೆ. ಬಿಡುಗಡೆ ಟಿಪ್ಪಣಿಯಲ್ಲಿ ‘ದೊಡ್ಡ ಬಾರ್‌ನ ಕಾರ್ಡ್‌ಗಳು ಸರಿಯಾಗಿ ಕೆಲಸ ಮಾಡದಿರಬಹುದು’ ಎಂದು ಬರೆದರೆ ಸಾಕೇ?

ಉತ್ತರ: ಸಾಲದು. ಎಷ್ಟು ಎಂಬಿಯಿಂದ ತೊಂದರೆ ಶುರು, ಗೆಸ್ಟ್‌ಗೆ ಎಷ್ಟು ಮೆಮರಿ ಕೊಟ್ಟಾಗ ಕುಸಿಯುತ್ತದೆ, ಎಷ್ಟಕ್ಕೆ ಇಳಿಸಿದರೆ ಓಡುತ್ತದೆ, ಈ ಮೂರು ಅಂಕಿಗಳನ್ನು ನೀವೇ ಪರೀಕ್ಷಿಸಿ ಹಾಕಿ.